ಬಸುರಿಯ ತಲೆಸುತ್ತು ಮತ್ತು ಮನೆಯವರ ಹೊಣೆ

ತಾಯಿಯು ಮಗುವನ್ನು ಹೊರುವ ಕಾಲವನ್ನು ಪವಿತ್ರ ಕುರ್‌ಆನ್ ಲುಕ್ಮಾನ್ ಅಧ್ಯಾಯದ 14ನೆಯ ಸೂಕ್ತದಲ್ಲಿ ನೆನಪಿಸುವಾಗ 'ವಹ್ನ್' ಎಂಬ ಪದವನ್ನು ಬಳಸುತ್ತದೆ. ಬಲಹೀನತೆ ಎಂಬುದು ಅದರ ಅರ್ಥ. ಆ ಪದವು ಅಲ್ಲಿ ಎರಡು ಬಾರಿ ಬರುತ್ತದೆ. ಒಂದು ಬಲಹೀನತೆಯ ಮೇಲೆ ಇನ್ನೊಂದು ಬಲಹೀನತೆ ಬಂದು ಸೇರುವ ಸ್ಥಿತಿಯಲ್ಲಿ ತಾಯಿಯು ಮಗುವನ್ನು ಹೊತ್ತಳು ಎಂಬ ಭಾವ ಅದರಲ್ಲಿದೆ. ಅಹ್ಕಾಫ್ ಅಧ್ಯಾಯದ 15ನೆಯ ಸೂಕ್ತವೂ ಆ ಹೊರೆಯನ್ನು ಕಷ್ಟವೆಂದೇ ಕರೆದಿದೆ. ಸೃಷ್ಟಿಕರ್ತನೇ ಕಷ್ಟವೆಂದು ಹೆಸರಿಟ್ಟು ಕರೆದುದನ್ನು ನಮ್ಮ ಅನೇಕ ಮನೆಗಳು ಮಾತ್ರ ಕಷ್ಟವೆಂದು ಒಪ್ಪಲು ಸಿದ್ಧವಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಬಸುರಿ ಸೊಸೆಯು ತಲೆ ತಿರುಗುತ್ತದೆ ಎಂದರೆ ಬರುವ ಉತ್ತರಗಳನ್ನು ಕೇಳಿ ನೋಡಿ. "ನಾವೇನು ಹಡದಿಲ್ಲೇನು?" ಎಂಬುದು ಒಂದು. "ಚೊಚ್ಚಲ ಬಸುರಿ, ಹಂಗ ಆಗ್ತದ, ಸುಮ್ನಿರು" ಎಂಬುದು ಇನ್ನೊಂದು. "ಯಾರದೋ ನಝರ್ ತಾಗ್ಯದ" ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವವರಿದ್ದಾರೆ. 'ಅಸರ್' ಆಗಿದೆಯೆಂದು ತಾಯತಕ್ಕಾಗಿ ಓಡುವವರಿದ್ದಾರೆ. ಮೂಗು ಕಟ್ಟಿ ರಾತ್ರಿಯೆಲ್ಲ ಬಾಯಿಯಲ್ಲಿ ಉಸಿರಾಡಿ ನಿದ್ದೆಗೆಟ್ಟವಳಿಗೆ "ನೆಗಡಿ, ಏನ್ ದೊಡ್ಡ ಬ್ಯಾನಿ" ಎಂಬ ಮಾತು ಸಾಕಾಗುತ್ತದೆ. ಈ ಮಾತುಗಳಲ್ಲಿ ಕೆಡುಕಿನ ಉದ್ದೇಶವಿಲ್ಲ. ಆದರೆ ಇವುಗಳಿಂದಾಗಿ ಒಬ್ಬ ಹೆಣ್ಣುಮಗಳು ತನ್ನ ದೇಹದ ಸಂಕಟವನ್ನು ಮತ್ತೊಮ್ಮೆ ಹೇಳಿಕೊಳ್ಳುವುದನ್ನೇ ಬಿಟ್ಟುಬಿಡುತ್ತಾಳೆ. ಅಪಾಯ ಹುಟ್ಟುವುದು ಆ ಮೌನದಲ್ಲಿ.

ಈ ಲೇಖನದಲ್ಲಿ ಹೇಳಬೇಕಾದುದು ಇಷ್ಟೇ. ಗರ್ಭಿಣಿಯ ತಲೆಸುತ್ತಿಗೂ ಮೂಗು ಕಟ್ಟುವುದಕ್ಕೂ ದೇಹದೊಳಗೇ ಕಾರಣಗಳಿವೆ. ಬಹುಪಾಲು ಸಂದರ್ಭಗಳಲ್ಲಿ ಅವು ಮನೆಯ ಆರೈಕೆಯಿಂದ ತಗ್ಗುತ್ತವೆ. ಕೆಲವು ಸಂದರ್ಭಗಳಲ್ಲಿ ಅವು ದೊಡ್ಡ ಅಪಾಯದ ಮುನ್ಸೂಚನೆಯಾಗಿರುತ್ತವೆ. ಇವೆರಡರ ನಡುವಿನ ವ್ಯತ್ಯಾಸವನ್ನು ಅರಿತು ನಡೆಯುವುದು ಬಸುರಿಯೊಬ್ಬಳ ಕೆಲಸವಲ್ಲ, ಅದು ಗಂಡನ ಮತ್ತು ಇಡೀ ಮನೆಯ ಹೊಣೆ. ಶರೀಅತ್ ಆಕೆಗೆ ಕೊಟ್ಟ ರಿಯಾಯಿತಿಗಳನ್ನು ಆಕೆಗೆ ತಲುಪಿಸುವುದೂ ಆ ಹೊಣೆಯ ಭಾಗ.

ಮೊದಲು ತಲೆಸುತ್ತಿನ ಕಾರಣವನ್ನು ತಿಳಿಯೋಣ. ಗರ್ಭ ನಿಂತ ಮೇಲೆ ದೇಹದಲ್ಲಿ ಹೆಚ್ಚುವ ಹಾರ್ಮೋನುಗಳು ರಕ್ತನಾಳಗಳನ್ನು ಸಡಿಲಗೊಳಿಸುತ್ತವೆ. ಆದ್ದರಿಂದ ಮೊದಲ ತಿಂಗಳುಗಳಿಂದ ಐದಾರನೆಯ ತಿಂಗಳವರೆಗೆ ರಕ್ತದ ಒತ್ತಡ ಸಾಮಾನ್ಯಕ್ಕಿಂತ ಕೆಳಗಿರುತ್ತದೆ. ಕುಳಿತವಳು ಥಟ್ಟನೆ ಎದ್ದರೆ ಮೆದುಳಿಗೆ ರಕ್ತ ತಲುಪಲು ಒಂದೆರಡು ಕ್ಷಣ ತಡವಾಗಿ ಕಣ್ಣು ಕತ್ತಲಿಡುತ್ತದೆ. ತಿಂಗಳು ತುಂಬುತ್ತ ಬಂದಂತೆ ದೇಹದಲ್ಲಿನ ರಕ್ತದ ಪ್ರಮಾಣ ಮೊದಲಿಗಿಂತ ಸುಮಾರು ಶೇಕಡ 40ರಿಂದ 50ರಷ್ಟು ಹೆಚ್ಚುತ್ತದೆ. ಆದರೆ ರಕ್ತದ ನೀರಿನಂಶ ಹೆಚ್ಚುವಷ್ಟು ವೇಗದಲ್ಲಿ ಕೆಂಪು ಕಣಗಳು ಹೆಚ್ಚುವುದಿಲ್ಲ. ಕಬ್ಬಿಣದ ಅಂಶ ಮೊದಲೇ ಕಡಿಮೆಯಿದ್ದವಳಲ್ಲಿ ರಕ್ತ ಇನ್ನಷ್ಟು ತೆಳುವಾಗುತ್ತದೆ. ಐದನೆಯ ತಿಂಗಳ ನಂತರ ಅಂಗಾತ ಮಲಗಿದರೆ ಗರ್ಭಕೋಶದ ಭಾರವು ಬೆನ್ನಿನ ಬದಿಯಲ್ಲಿ ಹೃದಯಕ್ಕೆ ರಕ್ತವನ್ನು ಮರಳಿಸುವ ದೊಡ್ಡ ನಾಳವನ್ನು ಒತ್ತುತ್ತದೆ. ಮಲಗಿದಲ್ಲೇ ಬೆವರು ಬಂದು ತಲೆ ತಿರುಗುವುದು ಈ ಕಾರಣಕ್ಕೆ. ಎಡಮಗ್ಗುಲಿಗೆ ಹೊರಳಿದ ಸ್ವಲ್ಪ ಹೊತ್ತಿನಲ್ಲೇ ಅದು ಶಮನವಾಗುತ್ತದೆ. ಇವುಗಳ ಜೊತೆಗೆ ಖಾಲಿ ಹೊಟ್ಟೆ, ಕಡಿಮೆ ನೀರು, ನಿದ್ದೆಗೇಡು, ಒಲೆಯ ಮುಂದಿನ ಬಿಸಿ, ನಮ್ಮ ಏಪ್ರಿಲ್-ಮೇ ತಿಂಗಳುಗಳ ರಣಬಿಸಿಲು ಇವೆಲ್ಲ ಸೇರಿಕೊಳ್ಳುತ್ತವೆ.

ಇವುಗಳಲ್ಲಿ ನಮ್ಮ ಭಾಗದ ಮಟ್ಟಿಗೆ ಅತಿ ದೊಡ್ಡ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇಕಡ 45.7ರಷ್ಟು ಮಂದಿಗೆ ರಕ್ತಹೀನತೆಯಿದೆ. ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬರು ಎಂದರ್ಥ. ಗರ್ಭಿಣಿಯ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 11 ಗ್ರಾಮಿಗಿಂತ ಕೆಳಗಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. 7ಕ್ಕಿಂತ ಕೆಳಗಿಳಿದರೆ ಅದು ತೀವ್ರ ಸ್ಥಿತಿ, ಆಗ ಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕು. ಅಂಥ ತಾಯಿಗೆ ಹೆರಿಗೆಯ ಸಮಯದಲ್ಲಿ ಆಗುವ ಸ್ವಲ್ಪ ರಕ್ತಸ್ರಾವವೂ ಪ್ರಾಣಕ್ಕೆ ಎರವಾಗಬಲ್ಲದು. ಆದುದರಿಂದ ತಲೆಸುತ್ತು ಎಂದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ "ತಾಯಿ ಕಾರ್ಡಿನಲ್ಲಿ ಕಳೆದ ಬಾರಿ ರಕ್ತ ಎಷ್ಟೆಂದು ಬರೆದಿದ್ದಾರೆ?" ಎಂಬುದು. ತನ್ನ ಬೈಕಿನ ಪೆಟ್ರೋಲ್ ಎಷ್ಟಿದೆಯೆಂದು ತಿಳಿದ ಗಂಡನಿಗೆ ತನ್ನ ಹೆಂಡತಿಯ ಹಿಮೋಗ್ಲೋಬಿನ್ ಎಷ್ಟಿದೆಯೆಂಬುದೂ ತಿಳಿದಿರಬೇಕು.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಕಬ್ಬಿಣದ ಗುಳಿಗೆಯನ್ನು ನಾಲ್ಕನೆಯ ತಿಂಗಳಿನಿಂದ ಆರಂಭಿಸಿ ಗರ್ಭಾವಧಿಯಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಪ್ರತಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಮಲ ಕಪ್ಪಾಗುತ್ತದೆ, ವಾಕರಿಕೆ ಬರುತ್ತದೆ, ಮಲಬದ್ಧತೆಯಾಗುತ್ತದೆ ಎಂದು ಎಷ್ಟೋ ಮಂದಿ ಅದನ್ನು ಕಪಾಟಿನಲ್ಲಿಟ್ಟು ಮರೆಯುತ್ತಾರೆ. ಮಲ ಕಪ್ಪಾಗುವುದು ಸಹಜ, ಅದರಿಂದ ಹಾನಿಯಿಲ್ಲ. ವಾಕರಿಕೆ ಬಂದರೆ ರಾತ್ರಿ ಊಟದ ನಂತರ ತೆಗೆದುಕೊಳ್ಳಬಹುದು. ಚಹಾದೊಂದಿಗೆ ಅಥವಾ ಚಹಾ ಕುಡಿದ ಬೆನ್ನಿಗೇ ನುಂಗಿದರೆ ಕಬ್ಬಿಣವು ದೇಹಕ್ಕೆ ಹತ್ತುವುದಿಲ್ಲ. ಸುಣ್ಣದಂಶದ ಗುಳಿಗೆಯನ್ನೂ ಅದರೊಂದಿಗೆ ತೆಗೆದುಕೊಳ್ಳಬಾರದು, ಎರಡಕ್ಕೂ ಬೇರೆ ಬೇರೆ ಹೊತ್ತು ಇರಲಿ. ನಿಂಬೆರಸ, ಪೇರಲ, ನೆಲ್ಲಿಕಾಯಿ ಜೊತೆಗಿದ್ದರೆ ಅದು ಚೆನ್ನಾಗಿ ಹತ್ತುತ್ತದೆ. ನಮ್ಮ ಊಟದಲ್ಲಿ ಏನೂ ಕೊರತೆಯಿಲ್ಲ. ಸಜ್ಜೆ ರೊಟ್ಟಿ, ಹೆಸರುಕಾಳು, ಸೊಪ್ಪಿನ ಪಲ್ಯ, ಶೇಂಗಾ, ಮೊಟ್ಟೆ, ಮಾಂಸ ಎಲ್ಲವೂ ಇವೆ. ಕೊರತೆಯಿರುವುದು ಬಡಿಸುವ ಕ್ರಮದಲ್ಲಿ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದುದನ್ನು ಬಸುರಿಯು ಉಣ್ಣುವ ಮನೆಯಲ್ಲಿ ಗುಳಿಗೆ ಒಂದೇ ಏನು ಮಾಡೀತು? 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ಜಾರಿಯಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವುದಕ್ಕಾಗಿಯೇ ಹುಟ್ಟಿದ್ದು. ಅಲ್ಲಿನ ಊಟ ತಮ್ಮ ಮನೆತನದ ಮಾನಕ್ಕೆ ಕಡಿಮೆ ಎಂಬ ಭಾವನೆ ಕೆಲವರಲ್ಲಿದೆ. ಅದು ದಾನವಲ್ಲ, ಹಕ್ಕು.

ದಿನನಿತ್ಯದ ಆರೈಕೆ ಬಹಳ ಸರಳ. ಹಾಸಿಗೆಯಿಂದ ಏಳುವಾಗ ಮೊದಲು ಮಗ್ಗುಲಾಗಿ, ಆಮೇಲೆ ಕುಳಿತು, ಸ್ವಲ್ಪ ಹೊತ್ತಿನ ನಂತರ ನಿಲ್ಲಬೇಕು. ಮೂರು ಹೊತ್ತಿನ ದೊಡ್ಡ ಊಟಕ್ಕಿಂತ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು ಒಳ್ಳೆಯದು. ನೀರು, ಮಜ್ಜಿಗೆ ಕೈಗೆಟಕುವಂತಿರಲಿ. ಒಲೆಯ ಮುಂದೆ ಬಹುಹೊತ್ತು ನಿಂತು ರೊಟ್ಟಿ ಬಡಿಯುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಲಿ. ಕೊಡ ಹೊತ್ತು ನೀರು ತರುವುದು, ಮಾಳಿಗೆಯ ಮೆಟ್ಟಿಲೇರಿ ಬಟ್ಟೆ ಒಣಹಾಕುವುದು ತಲೆಸುತ್ತಿರುವವಳ ಪಾಲಿಗೆ ಅಪಾಯದ ಕೆಲಸಗಳು. ಹೊರಗೆ ಹೋಗುವಾಗ ಬುರ್ಖಾದೊಳಗಿನ ಉಡುಪು ಸಡಿಲವಾಗಿ ಹತ್ತಿಯದಾಗಿರಲಿ. ಒಂದು ವೇಳೆ ಆಕೆ ತಲೆತಿರುಗಿ ಬಿದ್ದರೆ ಸುತ್ತ ಗುಂಪುಗೂಡಬಾರದು. ಎಡಮಗ್ಗುಲಿಗೆ ಮಲಗಿಸಿ, ಕಾಲುಗಳನ್ನು ತುಸು ಎತ್ತರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಗಾಳಿ ಬರಲು ಬಿಡಬೇಕು. ಪೂರ್ಣ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯಬಹುದು.

ಇನ್ನು ಮೂಗು ಕಟ್ಟುವ ವಿಷಯ. ಬಸುರಿತನದಲ್ಲಿ ಸೋಂಕಾಗಲಿ ಅಲರ್ಜಿಯಾಗಲಿ ಇಲ್ಲದೆಯೂ ಮೂಗಿನ ಒಳಪದರ ಊದಿಕೊಳ್ಳುತ್ತದೆ. ರಕ್ತದ ಪ್ರಮಾಣ ಹೆಚ್ಚಿ, ಹಾರ್ಮೋನುಗಳಿಂದ ಸೂಕ್ಷ್ಮ ರಕ್ತನಾಳಗಳು ಹಿಗ್ಗಿದಾಗ ಮೂಗಿನೊಳಗಿನ ದಾರಿ ಕಿರಿದಾಗುತ್ತದೆ. ವಾರಗಟ್ಟಲೆ ಇದ್ದು ಹೆರಿಗೆಯಾದ ಸುಮಾರು ಎರಡು ವಾರಗಳೊಳಗೆ ತಾನಾಗಿಯೇ ಹೋಗುವ ಈ ತೊಂದರೆಯನ್ನು ವೈದ್ಯರು ಗರ್ಭಾವಸ್ಥೆಯದೇ ನೆಗಡಿಯೆಂದು ಗುರುತಿಸುತ್ತಾರೆ. ಇದು ಹಲವರನ್ನು ಕಾಡುತ್ತದೆ. ಹಗಲಿಗಿಂತ ರಾತ್ರಿ ಹೆಚ್ಚು, ಮಲಗಿದಾಗ ಇನ್ನೂ ಹೆಚ್ಚು. ಮೂಗು ಕಟ್ಟಿದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮರುದಿನ ತಲೆ ತಿರುಗುತ್ತದೆ. ಹೀಗೆ ಎರಡು ತೊಂದರೆಗಳು ಒಂದನ್ನೊಂದು ಬೆಳೆಸುತ್ತವೆ.

ಇದಕ್ಕೆ ಮೊದಲ ಪರಿಹಾರ ಉಪ್ಪುನೀರು. ಚೆನ್ನಾಗಿ ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲರಿಂದ ಅರ್ಧ ಚಹಾ ಚಮಚ ಉಪ್ಪು ಬೆರೆಸಿ, ಉಗುರುಬೆಚ್ಚಗಿರುವಾಗ ಮೂಗಿನ ಹೊಳ್ಳೆಗಳನ್ನು ತೊಳೆಯಬಹುದು. ಔಷಧದ ಅಂಗಡಿಯಲ್ಲಿ ಬರಿಯ ಉಪ್ಪುನೀರಿನ ಮೂಗಿನ ಹನಿಯೂ ಸಿಗುತ್ತದೆ. ವುಝೂ ಮಾಡುವಾಗ ಮೂಗಿಗೆ ನೀರೇರಿಸಿ ಸ್ವಚ್ಛಗೊಳಿಸುವ ಸುನ್ನತ್ತು ನಮಗೆ ಹೊಸದಲ್ಲ. ಆದರೆ ವುಝೂವಿನಲ್ಲಿ ನೀರು ಮೂಗಿನ ಮುಂಭಾಗಕ್ಕಷ್ಟೇ ತಲುಪುತ್ತದೆ. ಒಳಗಿನವರೆಗೆ ತೊಳೆಯುವುದಾದರೆ ನಲ್ಲಿಯ ಅಥವಾ ಕೊಳವೆಬಾವಿಯ ಹಸಿ ನೀರನ್ನು ಬಳಸಬಾರದು, ಕುದಿಸಿ ಆರಿಸಿದ ನೀರೇ ಆಗಬೇಕು. ಮಲಗುವಾಗ ತಲೆದಿಂಬನ್ನು ಎತ್ತರಿಸಿ ಎಡಮಗ್ಗುಲಿಗೆ ಮಲಗುವುದು, ಬಿಸಿನೀರಿನ ಹಬೆಯನ್ನು ದೂರದಿಂದ ತೆಗೆದುಕೊಳ್ಳುವುದು, ದಿನಕ್ಕೆ ಸ್ವಲ್ಪ ಹೊತ್ತು ನಡೆಯುವುದು ಸಹಾಯ ಮಾಡುತ್ತವೆ. ಹಬೆಯ ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಅವಘಡಗಳು ಆಗುತ್ತವೆ. ತಲೆಸುತ್ತಿರುವವಳು ಒಬ್ಬಳೇ ಕುದಿಯುವ ಪಾತ್ರೆಯ ಮೇಲೆ ಬಾಗಬಾರದು, ಪಕ್ಕದಲ್ಲಿ ಒಬ್ಬರಿರಬೇಕು.

ಹೊಗೆ ಮತ್ತು ಧೂಳು ಈ ತೊಂದರೆಯನ್ನು ಇಮ್ಮಡಿಗೊಳಿಸುತ್ತವೆ. ಕೊಪ್ಪಳದ ಗಿಣಿಗೇರಿ ಸುತ್ತಲಿನ ಹಳ್ಳಿಗಳಲ್ಲಿ ಕಾರ್ಖಾನೆಗಳ ಕಪ್ಪು ಧೂಳು ಅಂಗಳಕ್ಕೂ ಅಟ್ಟಕ್ಕೂ ಬೀಳುವ ದೂರು ಹಳೆಯದು. ಉಕ್ಕಿನ ಕಾರ್ಖಾನೆಯೊಂದರ ವಿಸ್ತರಣೆಯ ವಿರುದ್ಧ 2025ರ ಫೆಬ್ರವರಿಯಲ್ಲಿ ಕೊಪ್ಪಳ ಬಂದ್ ಆದಾಗ ಎಲ್ಲ ಸಮುದಾಯಗಳ ಜನ ಬೀದಿಗಿಳಿದದ್ದನ್ನು ಓದುಗರು ಮರೆತಿರಲಾರರು. ಆ ಧೂಳನ್ನು ತಡೆಯುವುದು ಒಂದು ಮನೆಯ ಕೈಯಲ್ಲಿಲ್ಲ. ಆದರೆ ಮನೆಯೊಳಗಿನ ಹೊಗೆ ನಮ್ಮ ಕೈಯಲ್ಲಿದೆ. ಕಟ್ಟಿಗೆಯ ಒಲೆ, ಸೊಳ್ಳೆಬತ್ತಿ, ಗಂಡನ ಬೀಡಿ-ಸಿಗರೇಟು, ನಝರ್ ತೆಗೆಯಲು ಸುಡುವ ಮೆಣಸಿನಕಾಯಿ ಇವೆಲ್ಲ ಬಸುರಿಯ ಕಟ್ಟಿದ ಮೂಗಿಗೆ ಶತ್ರುಗಳು. ಗುರುವಾರ ಸಂಜೆ ಬಾಗಿಲು ಮುಚ್ಚಿ ಕೋಣೆತುಂಬ ಲೋಬಾನದ ಹೊಗೆ ಹಾಕುವ ಮನೆಗಳಲ್ಲಿ ಈ ಒಂಬತ್ತು ತಿಂಗಳಾದರೂ ಅದನ್ನು ನಿಲ್ಲಿಸಬಹುದು. ಸುಗಂಧವು ಇಷ್ಟವಾದುದೇ. ಆದರೆ ಉಸಿರಿಗೆ ತೊಡಕಾಗುವ ಸುಗಂಧದಲ್ಲಿ ಪುಣ್ಯವನ್ನು ಹುಡುಕಬೇಕಾಗಿಲ್ಲ.

ಔಷಧದ ವಿಷಯದಲ್ಲಿ ಒಂದು ಎಚ್ಚರ ಅತ್ಯಗತ್ಯ. ಅಂಗಡಿಗೆ ಹೋಗಿ "ನೆಗಡಿಗೆ ಒಂದು ಗುಳಿಗೆ ಕೊಡ್ರಿ" ಎಂದು ಕೇಳಿ ತರುವ ಅಭ್ಯಾಸ ಬಸುರಿಯ ಮಟ್ಟಿಗೆ ನಿಲ್ಲಲೇಬೇಕು. ಕಟ್ಟಿದ ಮೂಗನ್ನು ಬಿಡಿಸುವ ಅನೇಕ ಗುಳಿಗೆಗಳು ರಕ್ತನಾಳಗಳನ್ನು ಬಿಗಿಗೊಳಿಸಿಯೇ ಕೆಲಸ ಮಾಡುತ್ತವೆ. ಮೊದಲ ಮೂರು ತಿಂಗಳಲ್ಲಿ ಮತ್ತು ರಕ್ತದೊತ್ತಡ ಹೆಚ್ಚಿರುವವರಲ್ಲಿ ಅವುಗಳನ್ನು ವರ್ಜಿಸಬೇಕು. ಮೂಗು ತೆರೆಯುವ ಔಷಧದ ಹನಿಗಳನ್ನು ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ, ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟುತ್ತದೆ. ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳು ಐದನೆಯ ತಿಂಗಳ ನಂತರ ಮಗುವಿನ ಮೂತ್ರಪಿಂಡಕ್ಕೂ ಹೃದಯದ ರಕ್ತನಾಳಕ್ಕೂ ಹಾನಿ ಮಾಡಬಲ್ಲವು. ಊರಿನ ನಾಟಿ ಔಷಧಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಗರ್ಭಿಣಿಗೆ ಯಾವ ಮದ್ದನ್ನಾದರೂ ವೈದ್ಯರನ್ನೋ ಆರೋಗ್ಯ ಕೇಂದ್ರದ ದಾದಿಯನ್ನೋ ಕೇಳಿಯೇ ಕೊಡಬೇಕು.

ಮನೆಯ ಆರೈಕೆಯನ್ನು ನಿಲ್ಲಿಸಿ ಆಸ್ಪತ್ರೆಗೆ ಹೊರಡಲೇಬೇಕಾದ ಸಂದರ್ಭಗಳನ್ನು ಮನೆಯ ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಳ್ಳಬೇಕು. ತಲೆಸುತ್ತಿನೊಂದಿಗೆ ರಕ್ತಸ್ರಾವ ಅಥವಾ ಹೊಟ್ಟೆನೋವು, ವಿಶೇಷವಾಗಿ ಮೊದಲ ಮೂರು ತಿಂಗಳಲ್ಲಿ. ಎಚ್ಚರ ತಪ್ಪಿ ಬೀಳುವುದು, ಎದೆನೋವು, ಕುಳಿತಲ್ಲೇ ಏದುಸಿರು, ಎದೆ ಡವಡವ ಹೊಡೆದುಕೊಳ್ಳುವುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳು ಬಾತುಕೊಳ್ಳುವುದು. ಇವು ಐದನೆಯ ತಿಂಗಳ ನಂತರ ಬರುವ ರಕ್ತದೊತ್ತಡದ ಕಾಯಿಲೆಯ ಚಿಹ್ನೆಗಳು. ಒತ್ತಡವು 140/90 ಅಥವಾ ಅದಕ್ಕಿಂತ ಮೇಲಿದ್ದರೆ ತಡಮಾಡುವಂತಿಲ್ಲ, ಮುಂದೆ ಅದು ಫಿಟ್ಸ್‌ಗೆ ತಿರುಗಬಹುದು. ಮಗುವಿನ ಅಲುಗಾಟ ಕಡಿಮೆಯಾಗುವುದು. ಮೂಗಿನ ವಿಷಯದಲ್ಲಿ ಜ್ವರ, ಕೆನ್ನೆ ಮತ್ತು ಹಣೆಯಲ್ಲಿ ನೋವು, ಹಳದಿ-ಹಸಿರು ಗಟ್ಟಿ ಸಿಂಬಳ ಇದ್ದರೆ ಅದು ಸೈನಸ್ ಸೋಂಕು, ಅದಕ್ಕೆ ವೈದ್ಯರೇ ಔಷಧ ಬರೆಯಬೇಕು. ತುರ್ತು ಇದ್ದರೆ 108ಕ್ಕೆ ಕರೆಮಾಡಬೇಕು, ಸಲಹೆ ಬೇಕಿದ್ದರೆ 104 ಇದೆ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.

ಈಗ ಉಪವಾಸದ ಪ್ರಶ್ನೆ. ರಮಝಾನ್ ಬಂತೆಂದರೆ ಬಸುರಿಯರ ತಲೆಸುತ್ತು ಹೆಚ್ಚುತ್ತದೆ. ನಸುಕಿನ ಮೂರು ಗಂಟೆಗೆ ಎದ್ದು ಸಹರಿ ಬೇಯಿಸಿ, ಹಗಲೆಲ್ಲ ನೀರಿಲ್ಲದೆ ಇದ್ದು, ಸಂಜೆ ಇಫ್ತಾರಿಗಾಗಿ ಎಣ್ಣೆಯ ಬಾಣಲೆಯ ಮುಂದೆ ನಿಂತವಳಿಗೆ ತಲೆ ತಿರುಗದೆ ಇದ್ದರೆ ಆಶ್ಚರ್ಯ. ಅಲ್ ಬಕರ ಅಧ್ಯಾಯದಲ್ಲಿ ಉಪವಾಸದ ಆಜ್ಞೆಯ ಜೊತೆಯಲ್ಲೇ ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಪೂರೈಸುವ ಅವಕಾಶವಿದೆ. ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆಯೇ ಹೊರತು ಕಷ್ಟವನ್ನಲ್ಲ ಎಂಬ ಆಶಯವೂ ಅಲ್ಲೇ ಇದೆ. ಗರ್ಭಿಣಿಗೂ ಮೊಲೆಯೂಡಿಸುವ ತಾಯಿಗೂ ಉಪವಾಸದಲ್ಲಿ ವಿನಾಯಿತಿ ಇದೆಯೆಂದು ಪ್ರವಾದಿ ಮುಹಮ್ಮದ್(ಸ)ರವರು ತಿಳಿಸಿದ ಹದೀಸ್ ತಿರ್ಮಿದಿ, ನಸಾಈ ಮುಂತಾದ ಗ್ರಂಥಗಳಲ್ಲಿ ದಾಖಲಾಗಿದೆ. ತನ್ನ ಅಥವಾ ಮಗುವಿನ ಆರೋಗ್ಯಕ್ಕೆ ಹಾನಿಯಾಗುವ ಭಯವಿದ್ದರೆ ಆಕೆ ಉಪವಾಸ ಬಿಡಬಹುದು, ನಡುಹಗಲಿನಲ್ಲಿ ಮುರಿಯಲೂಬಹುದು. ಹನಫಿ ಫಿಕ್‌ಹ್ ಪ್ರಕಾರ ಮುಂದೆ ಅಷ್ಟೇ ದಿನಗಳ ಖಝಾ ಸಾಕು. ಮಗುವಿಗಾಗಿ ಮಾತ್ರ ಅಂಜಿ ಬಿಟ್ಟಿದ್ದರೆ ಖಝಾದೊಂದಿಗೆ ಫಿದ್‌ಯಾ ಕೂಡ ಬೇಕೆಂಬುದು ಶಾಫಿಈ ಅಭಿಪ್ರಾಯ. ತಮ್ಮ ಊರಿನ ಆಲಿಮರನ್ನು ಕೇಳಿ ನಡೆಯಬಹುದು.

ಆದರೆ ಕಿತಾಬಿನಲ್ಲಿರುವ ರಿಯಾಯಿತಿ ಅಡುಗೆಮನೆಗೆ ತಲುಪುವುದಿಲ್ಲ. "ಮನ್ಯಾಗ ಎಲ್ಲಾರೂ ರೋಜಾ ಅದಾರ, ನೀ ಒಬ್ಬಾಕಿ ಹೆಂಗ ತಿಂತಿ?" ಎಂಬ ನೋಟವೊಂದೇ ಸಾಕು, ಆಕೆ ಕದ್ದು ನೀರು ಕುಡಿಯುವಂತಾಗಲು. ಅಲ್ಲಾಹನು ಬಹಿರಂಗವಾಗಿ ಕೊಟ್ಟದ್ದನ್ನು ಒಬ್ಬ ಹೆಣ್ಣುಮಗಳು ಕದ್ದು ಅನುಭವಿಸಬೇಕಾದ ಸ್ಥಿತಿಯು ಆ ಮನೆಗೆ ಶೋಭೆಯಲ್ಲ. ಮರ್ಯಮ್ ಅಧ್ಯಾಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಹೆರಿಗೆಯ ನೋವಿನಿಂದ ಖರ್ಜೂರದ ಮರದ ಬುಡಕ್ಕೆ ಬಂದ ಆ ತಾಯಿಗೆ ಕಾಲ ಕೆಳಗೆ ನೀರು ಒದಗಿತು, ಮೇಲಿನಿಂದ ಹಣ್ಣು ಒದಗಿತು, ತಿಂದು ಕುಡಿದು ಕಣ್ಣು ತಂಪಾಗಿಸಿಕೊಳ್ಳುವ ಆದೇಶ ಬಂತು. ಅಂದು ಆಕೆ ಕೈಗೊಂಡ ಹರಕೆ ಮಾತಿನ ವ್ರತ, ಜನರೊಂದಿಗೆ ಮಾತಾಡದಿರುವ ವ್ರತ. ಅನ್ನ-ನೀರು ಬಿಡುವ ವ್ರತವನ್ನು ಆ ಸ್ಥಿತಿಯಲ್ಲಿ ಆಕೆಯಿಂದ ಕೇಳಿರಲಿಲ್ಲ.

ನಮಾಝಿನ ವಿಷಯವೂ ಹೀಗೆಯೇ. ನಿಂತು ನಮಾಝ್ ಮಾಡಲಾಗದವರು ಕುಳಿತು, ಕುಳಿತು ಮಾಡಲಾಗದವರು ಮಲಗಿ ಮಾಡಬಹುದೆಂಬ ಪ್ರವಾದಿ(ಸ)ರವರ ಬೋಧನೆ ಬುಖಾರಿಯಲ್ಲಿದೆ. ನಿಂತರೆ ತಲೆ ತಿರುಗುವುದೆಂಬ ಭಯವನ್ನು ಹನಫಿ ವಿದ್ವಾಂಸರು ಕುಳಿತು ನಮಾಝ್ ಮಾಡಲು ಸಮ್ಮತವಾದ ಕಾರಣಗಳಲ್ಲಿ ಹೆಸರಿಸಿಯೇ ಬರೆದಿದ್ದಾರೆ. ಸೈನಸ್ ಕಟ್ಟಿದವರಿಗೆ ತಲೆ ಬಗ್ಗಿಸಿದಾಗ ಹಣೆಯ ಭಾರ ಹೆಚ್ಚುವುದು ಸಾಮಾನ್ಯ. ಸುಜೂದಿಗೆ ಬಾಗಿದರೆ ಬೀಳುವ ಸ್ಥಿತಿಯಿದ್ದರೆ ಸನ್ನೆಯಿಂದ ಮಾಡಬಹುದು. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಿದ ಬಸುರಿಯನ್ನು ಸೋಮಾರಿಯೆಂದು ಕರೆಯುವವರು ಆ ಗ್ರಂಥಗಳನ್ನು ಒಮ್ಮೆ ತೆರೆದು ನೋಡಲಿ.

"ನಮ್ಮ ಕಾಲದಾಗ ಗದ್ದಿ ನಾಟಿ ಮಾಡಿ ಬಂದು ಸಂಜೀಕೆ ಹಡದೀವಿ" ಎನ್ನುವ ಗಂಗಾವತಿ ಕಡೆಯ ಹಿರಿಯರ ಮಾತಿಗೆ ಗೌರವ ಸಲ್ಲಬೇಕು. ಅವರ ಸಹನೆ ದೊಡ್ಡದು. ಆದರೆ ಆ ಮಾತನ್ನು ಹೇಳಲು ಉಳಿದವರು ಬದುಕುಳಿದವರಷ್ಟೇ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಈ ವ್ಯತ್ಯಾಸದಲ್ಲಿ ಹೆಂಗಸರ ಸಹನೆ ಹೆಚ್ಚಿದ್ದೇನೂ ಇಲ್ಲ. ತಪಾಸಣೆ, ಗುಳಿಗೆ, ಆಂಬುಲೆನ್ಸ್, ಆಸ್ಪತ್ರೆಯ ಹೆರಿಗೆ ಇವುಗಳು ಮನೆಮನೆಗೆ ತಲುಪಿದ್ದರ ಫಲ ಅದರಲ್ಲಿದೆ. ಸಬರ್ ಎಂದರೆ ಚಿಕಿತ್ಸೆಯನ್ನು ಬಿಡುವುದಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿರಿ, ಅಲ್ಲಾಹನು ರೋಗದ ಜೊತೆ ಔಷಧವನ್ನೂ ಇಟ್ಟಿದ್ದಾನೆ ಎಂಬ ಅರ್ಥದ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ದುಆ ಮಾಡುವ ನಾಲಿಗೆಗೂ ಆಸ್ಪತ್ರೆಗೆ ಕರೆದೊಯ್ಯುವ ಕಾಲಿಗೂ ವೈರವಿಲ್ಲ.

ಆಸ್ಪತ್ರೆಯೆಂದರೆ ಅಂಜುವವರ ಅಂಜಿಕೆಗೂ ಕಾರಣಗಳಿವೆ. 2024ರ ನವೆಂಬರಿನಲ್ಲಿ ನೆರೆಯ ಬಳ್ಳಾರಿಯ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರು ಸಾಲಾಗಿ ಸತ್ತ ಸುದ್ದಿ ನಮ್ಮ ಜಿಲ್ಲೆಯ ಪ್ರತಿ ಮನೆಯನ್ನೂ ತಟ್ಟಿತು. ಅವರಿಗೆ ಕೊಟ್ಟ ಗ್ಲೂಕೋಸ್ ಮಾದರಿಯ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದು ಸರ್ಕಾರ ಅದರ ಬಳಕೆಯನ್ನು ತಡೆಯಿತು. ಆ ತಾಯಂದಿರಿಗಾಗಿ ಉತ್ತರ ಕೇಳುವುದು ನಾಗರಿಕರೆಲ್ಲರ ಕರ್ತವ್ಯ. ಆದರೆ ಆ ಅಂಜಿಕೆಯಿಂದ ತಪಾಸಣೆಯನ್ನೇ ಬಿಟ್ಟರೆ ಇನ್ನೊಂದು ಸಾವಿಗೆ ದಾರಿ ಮಾಡಿದಂತಾಗುತ್ತದೆ. ರಕ್ತ ಪರೀಕ್ಷಿಸುವುದಕ್ಕೆ, ಒತ್ತಡ ನೋಡುವುದಕ್ಕೆ, ಗುಳಿಗೆ ತರುವುದಕ್ಕೆ ಯಾವ ಅಪಾಯವೂ ಇಲ್ಲ. ರಕ್ತಹೀನತೆಯನ್ನು ಐದನೆಯ ತಿಂಗಳಲ್ಲೇ ಸರಿಪಡಿಸಿಕೊಂಡವಳು ಹೆರಿಗೆಯ ದಿನ ಹೆಚ್ಚು ಬಲದಿಂದ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾಳೆ.

ಇದೆಲ್ಲವೂ ಕೊನೆಗೆ ಬಂದು ನಿಲ್ಲುವುದು ಗಂಡಸರ ಬಳಿ. ಗೀತಾ ಸೇನ್, ಅದಿತಿ ಅಯ್ಯರ್ ಮುಂತಾದ ಸಂಶೋಧಕರು ನಮ್ಮದೇ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ 2002ರಲ್ಲಿ ನಡೆಸಿದ ಮನೆಮನೆಯ ಸಮೀಕ್ಷೆಯಲ್ಲಿ ಕಂಡ ಒಂದು ಸತ್ಯ ನಮ್ಮನ್ನು ಚುಚ್ಚಬೇಕು. ದೀರ್ಘಕಾಲದ ಕಾಯಿಲೆ ಬಂದಾಗ ಚಿಕಿತ್ಸೆಯೇ ಸಿಗದೆ ಉಳಿಯುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಒಂದೇ ಮನೆ, ಒಂದೇ ಆದಾಯ, ಆದರೆ ಆಸ್ಪತ್ರೆಯ ಖರ್ಚಿನಲ್ಲಿ ಮಾತ್ರ ಎರಡು ಅಳತೆ. ಏಳನೆಯ ತಿಂಗಳ ಕುಬಸಕ್ಕೆ ಸೀರೆ, ಬಳೆ, ಬಿರಿಯಾನಿಗೆ ಹಣ ಹೊಂದಿಸುವ ಮನೆಯಲ್ಲಿ ರಕ್ತ ಪರೀಕ್ಷೆಗೆ "ಮುಂದಿನ ವಾರ ನೋಡೋಣ" ಎಂಬ ಮಾತು ಬರಬಾರದು. ಪ್ರವಾದಿ(ಸ)ರವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಹಝ್ರತ್ ಆಯಿಶಾ(ರ)ರವರು, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂಬರ್ಥದ ಉತ್ತರ ಕೊಟ್ಟರು. ಬಸುರಿ ಹೆಂಡತಿಗಾಗಿ ನೀರು ತುಂಬಿಸುವುದು, ಸಹರಿಯ ಪಾತ್ರೆ ತೊಳೆಯುವುದು, ದೊಡ್ಡ ಮಗುವನ್ನು ಸಂಭಾಳಿಸುವುದು ಗಂಡಸಿನ ಘನತೆಯನ್ನು ಕುಗ್ಗಿಸುವುದಿಲ್ಲ. ಅದು ಸುನ್ನತ್ತಿನ ದಾರಿ.

ನಮ್ಮ ಜಮಾಅತ್‌ಗಳೂ ಒಂದಿಷ್ಟು ಮಾಡಬಹುದು. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಿಂದ ಬೆಂಗಳೂರು, ಗೋವೆಗೆ ಗುಳೆ ಹೋಗುವ ಕುಟುಂಬಗಳಲ್ಲಿ ಬಸುರಿಯರೂ ಇರುತ್ತಾರೆ. ಹೊರಡುವ ಮುನ್ನ ತಾಯಿ ಕಾರ್ಡನ್ನೂ ಸಾಕಷ್ಟು ಗುಳಿಗೆಗಳನ್ನೂ ಜೊತೆಗಿಟ್ಟುಕೊಳ್ಳಲು ಮಸೀದಿಯಿಂದ ನೆನಪಿಸಬಹುದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವಳ ಕಾರ್ಡು ಗಂಡನ ಮನೆಯ ಕಪಾಟಿನಲ್ಲೇ ಉಳಿಯಬಾರದು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಆಕೆಯನ್ನು ಒಳಗೆ ಕರೆದು ಕೂರಿಸಿ ಮಾತನಾಡಬೇಕು. ರಮಝಾನಿಗೆ ಮುಂಚಿನ ಒಂದು ಜುಮಾ ಖುತ್ಬಾದಲ್ಲಿ ಗರ್ಭಿಣಿಯರ ರಿಯಾಯಿತಿಯನ್ನು ಗಂಡಸರ ಮುಂದೆ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಆ ರಿಯಾಯಿತಿಗೆ ಅಡ್ಡ ನಿಲ್ಲುವ ಬಹುಪಾಲು ಮನೆಗಳ ಯಜಮಾನರು ಅಂದು ಆ ಸಾಲುಗಳಲ್ಲೇ ಕುಳಿತಿರುತ್ತಾರೆ.

ಮುಂದಿನ ಸಲ ಮನೆಯಲ್ಲಿ ಬಸುರಿಯೊಬ್ಬಳು "ತಲೆ ತಿರುಗುತ್ತದೆ" ಎಂದರೆ ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿ, ತಾಯಿ ಕಾರ್ಡನ್ನು ಕೈಗೆತ್ತಿಕೊಂಡು ಹಿಮೋಗ್ಲೋಬಿನ್ ಎಷ್ಟೆಂದು ಓದಿರಿ. ಅದು 11ಕ್ಕಿಂತ ಕೆಳಗಿದ್ದರೆ ಅಥವಾ ತಿಂಗಳಿಂದ ಪರೀಕ್ಷೆಯೇ ಆಗಿರದಿದ್ದರೆ ನಾಳೆ ಬೆಳಗ್ಗೆಯೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿರಿ. ಹೊತ್ತ ತಾಯಂದಿರ ಹೊರೆಯನ್ನು ಹಗುರಗೊಳಿಸುವ ಸದ್ಬುದ್ಧಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ, ಆಮೀನ್.